ತಾಳಗುಂದಕ್ಕೆ ಬಿಟ್ಟ ಪುಟ

ಅಜ್ಜ ಹೆಬ್ಬೆಟ್ಟು ಒತ್ತುತ್ತಿದ್ದವರು. ಪಹಣಿ ಕಾಗದಕ್ಕೂ ಅಷ್ಟೇ, ಸೊಸೈಟಿಯ ಕಾಗದಕ್ಕೂ ಅಷ್ಟೇ. ಆದರೂ ಸೊರಬದ ಕಡೆಯ ನಮ್ಮ ಮನೆಯ ದೇವರ ಗೂಡಿನಲ್ಲಿ, ಚಂದ್ರಗುತ್ತಿ ಅಮ್ಮನ ಪಟದ ಪಕ್ಕ, ಅವರದೊಂದು ನೋಟ್‌ಬುಕ್ ಇರುತ್ತಿತ್ತು. ಆಯುಧಪೂಜೆಯ ದಿನ ನೇಗಿಲು, ಕುಡುಗೋಲುಗಳ ಜೊತೆ ಅದಕ್ಕೂ ಕುಂಕುಮ. ಈಗ ಅದು ನನ್ನ ಹತ್ತಿರ ಇದೆ.

ಗದ್ದೆ ಕೊಯ್ಲು ಮುಗಿದು ಬಣವೆ ಹಾಕಿದ ಮೇಲೆ ಅಜ್ಜ ಮನೆಯಲ್ಲಿ ನಿಲ್ಲುತ್ತಿರಲಿಲ್ಲ. ಯಾತ್ರೆಯ ಬಸ್ಸು ಹೊರಟರೆ ಬಸ್ಸು, ಇಲ್ಲದಿದ್ದರೆ ರೈಲು. ಶ್ರೀಶೈಲ, ಪಂಢರಪುರ, ರಾಮೇಶ್ವರ, ಕಾಶಿ, ಪುರಿ. ಹೋದಲ್ಲೆಲ್ಲ ದರ್ಶನ ಮುಗಿಸಿ ಯಾರನ್ನಾದರೂ ಹಿಡಿಯುತ್ತಿದ್ದರು. ಹೂ ಮಾರುವವಳೋ, ಪೊಲೀಸನೋ, ಚಹಾ ಅಂಗಡಿಯವನೋ. ನೋಟ್‌ಬುಕ್ ಚಾಚಿ, ಕೈಸನ್ನೆಯಲ್ಲೇ ಕೇಳಿ, ಆ ಊರಿನ ಹೆಸರನ್ನು ಆ ಊರಿನ ಅಕ್ಷರದಲ್ಲೇ ಬರೆಸಿಕೊಳ್ಳುತ್ತಿದ್ದರು. ಒಂದು ಊರಿಗೆ ಒಂದು ಪುಟ. ಓದಲು ಬಾರದಿದ್ದರೂ ಯಾವ ಪುಟ ಯಾವ ಊರು ಎಂದು ತಪ್ಪದೆ ಹೇಳುತ್ತಿದ್ದರು.

“ಇದು ಕಾಶಿ. ನೋಡು, ಹಗ್ಗದ ಮೇಲೆ ಬಟ್ಟೆ ಒಣಹಾಕ್ದಂಗೆ ಐತೆ. ಇದು ಪುರಿ. ಇಲ್ಲಿ ಅಕ್ಷರ ಎಲ್ಲಾ ಮುಂಡಾಸು ಸುತ್ಕಂಡಾವೆ.”

ಅಜ್ಜಿ ಬಿಡುತ್ತಿರಲಿಲ್ಲ. “ದೇವ್ರನ್ನ ನೋಡಾಕೆ ಹೋಗ್ತಾರಂತೆ ದೇವ್ರನ್ನ! ಎಲ್ಲಾರೂ ಪ್ರಸಾದ ತಂದ್ರೆ ಇವ್ರು ಕೈಬರಹ ತರ್ತಾರೆ.”

“ಪ್ರಸಾದ ತಿಂದ್ರೆ ಮುಗೀತದೆ ಕಣೇ. ದೇವ್ರು ಎಲ್ಲಾ ಕಡೆ ಒಬ್ನೆ. ಜನ ಅವ್ನನ್ನ ಎಂಥೆಂಥಾ ಗೀಟಿನಾಗೆ ಕರೀತಾರೆ ಅಂತ ನೋಡಬ್ಯಾಡ್ವಾ?”

ನಾನು ಐದನೇ ಕ್ಲಾಸಿನಲ್ಲಿದ್ದಾಗ ಶಿಕಾರಿಪುರ ತಾಲೂಕಿನ ಅತ್ತೆಯ ಊರಿಗೆ ಹೋಗಿದ್ದೆವು. ಅಲ್ಲಿಂದ ಅಜ್ಜ ನನ್ನನ್ನು ತಾಳಗುಂದಕ್ಕೆ ಕರೆದುಕೊಂಡು ಹೋದರು. ದೇವಸ್ಥಾನದ ಮುಂದಿನ ಶಾಸನದ ಕಂಬದ ಎದುರು ನಿಲ್ಲಿಸಿ, “ಓದು ಪುಟ್ಟೀ” ಎಂದರು. ಎಷ್ಟೋ ಸಲ ಬಂದಿದ್ದರೂ ಆ ಹಳೇ ಕಾಲದ ಅಕ್ಷರ ಬರೆದುಕೊಡುವವರು ಅವರಿಗೆ ಅಲ್ಲಿ ಯಾರೂ ಸಿಕ್ಕಿರಲಿಲ್ಲ.

ನಾನು ಕ್ಲಾಸಿಗೇ ಮೊದಲು. ಮನೆಗೆ ಬರುವ ಕಾಗದವನ್ನೆಲ್ಲ ನಾನೇ ಓದಿ ಹೇಳುತ್ತಿದ್ದವಳು. ಬರುವುದಿಲ್ಲ ಎನ್ನಲು ನಾಚಿಕೆಯಾಯಿತು. ಕಂಬದ ಮೇಲೆ ಎಡದಿಂದ ಬಲಕ್ಕೆ ಬೆರಳಾಡಿಸುತ್ತ, “ರಾಜ ಯುದ್ಧ ಗೆದ್ದ, ಬಡವರಿಗೆ ಅನ್ನ ಹಾಕ್ದ ಅಂತ ಐತೆ” ಎಂದೆ. ಅಜ್ಜ ತಲೆ ವಾರೆ ಮಾಡಿ ಕಂಬವನ್ನೇ ನೋಡುತ್ತಿದ್ದರು.

“ಹಂಗಾರೆ ನನ್ ಬುಕ್ಕಿನಾಗೆ ಬರ್ಕೊಡು.”

ಪೆನ್ನಿನಲ್ಲಿ ಇಂಕಿಲ್ಲ ಎಂದೆ. ಅಜ್ಜ ಒಂದು ಪುಟ ಖಾಲಿ ಬಿಟ್ಟು ನೋಟ್‌ಬುಕ್ ಮಡಚಿದರು.

ಆಮೇಲೆ ಊರಲ್ಲೆಲ್ಲ “ನಮ್ ಮೊಮ್ಮಗಳು ತಾಳಗುಂದದ ಕಲ್ಲು ಓದಿದ್ಲು” ಎಂದು ಸಾರಿದರು. ಕೇಳಿದಾಗಲೆಲ್ಲ ನನಗೆ ನೆಲ ಬಿರಿಯಬಾರದೇ ಅನ್ನಿಸುತ್ತಿತ್ತು. ಎಸ್ಸೆಸ್ಸೆಲ್ಸಿ ಮುಗಿದಾಗ ಅಪ್ಪ, ಇವಳಿಗೆ ಇಷ್ಟು ಓದು ಸಾಕು ಎಂದರು. ಅಜ್ಜ ಜಗಲಿಯಿಂದಲೇ ಗದರಿದರು: “ಕಲ್ಲು ಓದಿದ ಹುಡುಗೀನ ಗದ್ದೆ ಕಳೆ ಕೀಳಾಕೆ ಕಳಿಸ್ತೀಯೇನೋ?” ಅಪ್ಪ ಮರುದಿನವೇ ಕಾಲೇಜಿನ ಅರ್ಜಿ ತಂದರು. ನನ್ನ ಓದೆಲ್ಲ ಆ ಒಂದು ಸುಳ್ಳಿನ ಮೇಲೆ ನಿಂತಿತು.

ದಿನಾ ಎರಡು ಬಸ್ಸು ಬದಲಿಸಿ ಡಿಗ್ರಿ ಮುಗಿಸಿದೆ. ನಮ್ಮ ಮನೆತನಕ್ಕೇ ಮೊದಲ ಡಿಗ್ರಿ ಅದು. ಹೇಳಿಕೊಳ್ಳಲು ನನಗೇನೂ ಸಂಕೋಚವಿಲ್ಲ. ಇತಿಹಾಸ ತೆಗೆದುಕೊಂಡದ್ದೇ ಆ ಖಾಲಿ ಪುಟಕ್ಕಾಗಿ. ಮೇಷ್ಟ್ರನ್ನು ಕಾಡಿ ಬೇಡಿ ಆ ಕಲ್ಲಿನ ಮೊದಲ ಕೆಲವು ಅಕ್ಷರ ಕಲಿತೆ. ರಿಸಲ್ಟ್ ಬಂದ ವಾರವೇ ನೋಟ್‌ಬುಕ್ ಚೀಲಕ್ಕೆ ಹಾಕಿ, ಅಜ್ಜನನ್ನು ಸ್ಕೂಟಿಯಲ್ಲಿ ಹಿಂದೆ ಕೂರಿಸಿಕೊಂಡು ತಾಳಗುಂದಕ್ಕೆ ಹೋದೆ. ಕಂಬದ ಮುಂದೆ ನಿಂತು ಹೇಳಿಬಿಟ್ಟೆ.

“ಅಜ್ಜ, ಅವತ್ತು ನಾನು ಓದಿದ್ದು ಸುಳ್ಳು.”

“ಗೊತ್ತು.”

“ಹೆಂಗೆ?”

“ನೀನು ಬೆರಳು ಅಡ್ಡ ಆಡಿಸ್ದೆ. ಇಲ್ಲಿ ಅಕ್ಷರ ಎಲ್ಲಾ ಮಗ್ಗಲಾಗಿ ಮಲ್ಗ್ಯಾವೆ ನೋಡು. ಬುಡದಿಂದ ಮ್ಯಾಕೆ ಹತ್ತಾವೆ, ವೀಳ್ಯದ ಬಳ್ಳಿ ಹತ್ತಿದಂಗೆ. ತಲೆ ವಾರೆ ಮಾಡಿದ್ರೆ ಯಾರಿಗಾರ ಕಾಣ್ತದೆ.”

ಈ ಶಾಸನವನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು ಎಂದು ತಿಳಿಯಲು ನನಗೆ ಕಾಲೇಜೇ ಬೇಕಾಯಿತು. ಈ ಮನುಷ್ಯ ಬರೀ ಕಣ್ಣಿನಿಂದ ತಿಳಿದಿದ್ದರು.

“ಮತ್ತೆ ಊರಿಗೆಲ್ಲಾ ಯಾಕೆ ಹೇಳಿದ್ರಿ?”

“ಹೇಳ್ದಿದ್ರೆ ನಿಮ್ಮಪ್ಪ ಓದಿಸ್ತಿದ್ನಾ? ನೀನಾರ ಬಿಡದಂಗೆ ಓದ್ತಿದ್ಯೇನು? ಈಗ ಓದು, ಕೇಳಾಣ.”

ಮಂಡಿಯೂರಿ ಬುಡದಿಂದ ಶುರು ಮಾಡಿದೆ.

“ನಮಶ್ಶಿವಾಯ ಅಂತ ಐತೆ, ಅಜ್ಜ.”

ಅಜ್ಜ ಒಂದು ಗಳಿಗೆ ಕಂಬ ನೋಡಿದರು, ನನ್ನನ್ನು ನೋಡಿದರು. ಆಮೇಲೆ ಬೊಚ್ಚುಬಾಯಿ ತುಂಬಾ ನಕ್ಕರು. “ಥೋ! ಇದು ನಂಗೆ ಬರ್ತಿತ್ತಲ್ಲೇ! ದಿನಾ ಮಿಂದು ಬಂದು ಅಂತೀನಿ!”

ಅವತ್ತು ಪೆನ್ನಿನಲ್ಲಿ ಇಂಕಿತ್ತು. ಖಾಲಿ ಪುಟ ಬಿಡಿಸಿದೆ. “ಅಡ್ಡ ಬರೀಬ್ಯಾಡ. ಕಲ್ಲಿನಾಗೆ ಹೆಂಗೈತೋ ಹಂಗೆ” ಎಂದು ಅಜ್ಜ ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕೂತರು. ಆ ಪುಟದಲ್ಲಿ ನನ್ನ ಅಕ್ಷರಗಳು ಬುಡದಿಂದ ಮೇಲಕ್ಕೆ ಹತ್ತಿವೆ. ಎರಡು ಕಡೆ ಹೊಡೆದು ಹಾಕಿ ಮತ್ತೆ ಬರೆದ ಗುರುತಿದೆ. ಕಂಬವನ್ನೂ ಪುಟವನ್ನೂ ತಾಳೆ ನೋಡಿ, ನಾನು ತಪ್ಪಿದ್ದೇನೆ ಎಂದು ಅಲ್ಲಿ ತಿದ್ದಿಸಿದವರು ಅಜ್ಜ.