ಎಲ್ಲಾ ಆಗ್ಯಾವ ಅಂದಿದ್ದೆ

ಅಕ್ಕಾ, ನಿಮ್ಮ ನಾಯಿಮರಿ ಬುಜ್ಜಿಗೆ ರೋಗ ತಗುಲಿದ್ದು ನಿನ್ನ ಯಜಮಾನರ, ನಮ್ಮ ಬಾವಗಾರ ಚಪ್ಪಲಿಯಿಂದಲ್ಲ. ನನ್ನ ನಾಯಿ ಜೂಲಿಯಿಂದ. ಜೂಲಿಗೆ ಲಸಿಕೆ ಪೂರ್ತಿ ಆಗಿರಲಿಲ್ಲ — ಅದು ನನಗೆ ಗೊತ್ತಿತ್ತು. ಗೊತ್ತಿದ್ದೂ ಆರು ವರ್ಷ ಸುಮ್ಮನಿದ್ದೆ.

ಜೂಲಿ ವಿಶಾಖಪಟ್ಟಣದ ನಮ್ಮ ನೇವಿ ಕ್ವಾರ್ಟರ್ಸ್‌ಗೆ ಬಂದಾಗ ಎರಡು ತಿಂಗಳ ಮರಿ. ಇವರು ಹಡಗಿನಲ್ಲಿದ್ದರು, ಮರಿಯ ಜವಾಬ್ದಾರಿಯೆಲ್ಲ ನನ್ನದೇ. ಪಶುವೈದ್ಯರು ಒಂದು ಕಾರ್ಡು ಬರೆದುಕೊಟ್ಟು ಬಿಡಿಸಿ ಹೇಳಿದ್ದರು. ಪಾರ್ವೊ, ಡಿಸ್ಟೆಂಪರ್‌ನಂಥ ರೋಗಗಳಿಗೆ ಒಟ್ಟಿಗೆ ಕೊಡುವ ಲಸಿಕೆಯನ್ನು ಕೆಲವು ವಾರ ಬಿಟ್ಟು ಮತ್ತೆ ಮತ್ತೆ ಹಾಕಿಸಲೇಬೇಕು. ರೇಬೀಸ್‌ನದಂತೂ ತಪ್ಪಿಸುವ ಹಾಗೇ ಇಲ್ಲ. ನಾಯಿಗಳಿಗೆ ಬರುವ ಕೆಮ್ಮಿನ ಲಸಿಕೆಯನ್ನು ಮಾತ್ರ, ಅದು ಎಲ್ಲೆಲ್ಲಿ ಓಡಾಡುತ್ತದೆಂದು ನೋಡಿ ನಿರ್ಧರಿಸೋಣ ಎಂದರು. ನನಗೆ ಬಿಟ್ಟಿದ್ದು ಆ ಕೊನೆಯದೊಂದೇ. ನಾನು ಎಲ್ಲವನ್ನೂ ನಾನೇ ನಿರ್ಧರಿಸಿದೆ.

ಮೊದಲ ಇಂಜೆಕ್ಷನ್ನಿನ ಮರುದಿನ ಜೂಲಿ ಮಂಕಾಗಿ ಮಲಗಿತು, ಊಟ ಮುಟ್ಟಲಿಲ್ಲ, ಮಗಳು ಅತ್ತಳು. ಒಂದು ದಿನ ಹಾಗಾಗಬಹುದು ಎಂದು ವೈದ್ಯರು ಮೊದಲೇ ಹೇಳಿದ್ದರು. ಹಾಗೆಯೇ ಸರಿಹೋಯಿತು ಕೂಡ. ಆದರೂ ಅನ್ನಿಸಿತು — ಮೂರನೇ ಮಹಡಿಯ ಮನೆ, ಕಾಂಪೌಂಡು ದಾಟದ ನಾಯಿ, ಇದಕ್ಕೆ ಇಷ್ಟೆಲ್ಲ ಚುಚ್ಚಿಸುವುದು ಯಾಕೆ? ರೇಬೀಸ್‌ನದನ್ನು ಮಾತ್ರ ಹಾಕಿಸಿದೆ. ಅದು ಮನುಷ್ಯರಿಗೂ ಬರುವ ರೋಗ ನೋಡು — ನಮ್ಮ ಭಯಕ್ಕೆ ಲಸಿಕೆ ಸಿಕ್ಕಿತು, ನಾಯಿಯ ಕಷ್ಟಕ್ಕೆ ಸಿಗಲಿಲ್ಲ. ಇವರು ರಜೆಗೆ ಬಂದು ಕೇಳಿದಾಗ ಎಲ್ಲ ಮುಗಿದಿದೆ ಎಂದೆ. ಶಾಲೆಯಲ್ಲಿ ಜೀವಶಾಸ್ತ್ರ ಕಲಿಸುವವಳು ನಾನು. ಆ ವರ್ಷವೂ ಲಸಿಕೆಯ ಪಾಠ ಮಾಡಿದ್ದೆ.

ಮುಂದಿನ ದಸರಾ ರಜೆಯಲ್ಲಿ ಕಾರಿನಲ್ಲಿ ವಿಜಯವಾಡಕ್ಕೆ, ನಿಮ್ಮ ಮನೆಗೆ ಹೊರಟೆವು. ಅದಕ್ಕೆ ನಾಲ್ಕು ದಿನ ಮೊದಲು ಜೂಲಿಗೆ ವಾಂತಿ, ಭೇದಿ. ಎರಡು ದಿನದಲ್ಲಿ ಚೇತರಿಸಿಕೊಂಡಿತು. ಏನೋ ತಿಂದಿರಬೇಕು ಅಂದುಕೊಂಡೆ — ಇಲ್ಲ, ಸುಳ್ಳು. ಆ ಕಾರ್ಡು ನೆನಪಾಗಿತ್ತು. ವೈದ್ಯರ ಹತ್ತಿರ ಹೋದರೆ, ರಜೆಗೆ ಬಂದಿದ್ದ ಇವರ ಎದುರಿಗೇ ಕಾರ್ಡು ತೆಗೆಯಬೇಕಾಗುತ್ತಿತ್ತು. ಅದಕ್ಕೇ ಹೋಗಲಿಲ್ಲ.

ವಿಜಯವಾಡದ ಭವಾನಿಪುರಂನ ನಿಮ್ಮ ಮನೆ ಬಾಗಿಲಲ್ಲಿ ನೀನು ಬುಜ್ಜಿಯನ್ನು ಎತ್ತಿಕೊಂಡು ನಿಂತಿದ್ದೆ. ಅದಕ್ಕಿನ್ನೂ ಒಂದೇ ಇಂಜೆಕ್ಷನ್ ಆಗಿತ್ತು, ಎರಡನೆಯದು ಮುಂದಿನ ವಾರವಿತ್ತು.

“ಜೂಲಿಗೆ ಎಲ್ಲಾ ಇಂಜೆಕ್ಷನ್ ಆಗ್ಯಾವ ಹೌದಿಲ್ಲೊ? ನಮ್ಮದಿನ್ನೂ ಕೂಸು,” ಅಂದಿ.

“ಎಲ್ಲಾ ಆಗ್ಯಾವ ಅಕ್ಕಾ.”

ನೀನು ಮರಿಯನ್ನು ಕೆಳಗಿಳಿಸಿದೆ. ಮೂರು ದಿನ ಎರಡೂ ಒಂದೇ ಬಟ್ಟಲಲ್ಲಿ ತಿಂದವು.

ನಾವು ಊರಿಗೆ ಮರಳಿದ ನಾಲ್ಕನೇ ದಿನ ನಿನ್ನ ಫೋನು. ಬುಜ್ಜಿಗೆ ರಕ್ತಭೇದಿ, ಪಾರ್ವೊ ಅಂತಾರ, ಹೊರಗಿನ ನಾಯಿ ಏನಾರ ಮನೀಗೆ ಬಂದಿತ್ತೇನು ಅಂತ ಡಾಕ್ಟರು ಕೇಳಾಕತ್ತಾರ — “ಜೂಲಿದು ಖರೇನ ಎಲ್ಲಾ ಆಗಿತ್ತಲ್ಲಾ?” ಇನ್ನೊಮ್ಮೆ ಅವಕಾಶ ಸಿಕ್ಕಿತ್ತು. ಇನ್ನೊಮ್ಮೆ “ಆಗಿತ್ತು” ಅಂದೆ.

“ಹಂಗಾರ ಇವರ ಚಪ್ಪಲಿಯಿಂದನ ಬಂದದ. ದಿನಾ ಹೊಳಿದಂಡಿಗೆ ಹೋಗಿ ಬೀದಿನಾಯಿಗೆ ಬನ್ನು ಹಾಕಿ ಬರ್ತಾರಲ್ಲ,” ಅಂದಿ. ನಾನು ಹೂಂ ಅಂದೆ. ಆ ಹೂಂ —

ಗವರ್ನರ್‌ಪೇಟೆಯ ತಮ್ಮ ಕಾಗದದ ಅಂಗಡಿಗೂ ಬಾವಗಾರು ಆ ಮರಿಯನ್ನು ಕರೆದೊಯ್ಯುತ್ತಿದ್ದರು. ಕಾಗದದ ಕಟ್ಟುಗಳ ನಡುವೆ ಅದು ಮಲಗಿರುತ್ತಿತ್ತು. ಅದು ಸತ್ತ ದಿನ ನಿನ್ನ ಕೈಯಿಂದ ಫೋನು ತೆಗೆದುಕೊಂಡು ಅವರು ನನಗೆ ಹೇಳಿದರು: “ನಾ ವಲ್ಲೇ ಪೋಯಿಂದಮ್ಮಾ.” ನನ್ನಿಂದಲೇ ಹೋಯಿತಮ್ಮಾ. ನಾನು ಅವರನ್ನು ಸಮಾಧಾನಪಡಿಸಿದೆ, ಅಕ್ಕಾ. ಬೇಜಾರು ಮಾಡಿಕೊಳ್ಳಬೇಡಿ ಬಾವಗಾರೂ ಎಂದೆ. ನಾನು ಮಾಡಿದ್ದರಲ್ಲಿ ಹೆಚ್ಚು ಹೇಸಿಗೆಯದು ಯಾವುದೆಂದು ಕೇಳಿದರೆ — ಅದೇ.

ಅವರು ನಾಯಿಗಳಿಗೆ ಬನ್ನು ಹಾಕುವುದನ್ನು ಬಿಟ್ಟರು. ನಡೆಯುವ ದಾರಿಯನ್ನೇ ಬದಲಿಸಿದರು. ಜಗಳವಾದಾಗ ನೀನು ಬುಜ್ಜಿಯ ಮಾತೆತ್ತಿ ಚುಚ್ಚುವುದನ್ನೂ, ಅವರು ತಲೆ ತಗ್ಗಿಸಿಕೊಂಡು ಹೊರಗೆ ಹೋಗುವುದನ್ನೂ ನಿಮ್ಮ ಸೋಫಾದಲ್ಲಿ ಕೂತು ಕಣ್ಣಾರೆ ನೋಡಿದ್ದೇನೆ. ಟೀ ಕುಡಿಯುತ್ತಾ ನೋಡಿದ್ದೇನೆ.

ನಿಜ ಹೇಳಬೇಕೆಂದು ಹೊರಟು ಎಷ್ಟು ಸಲ... ಇರಲಿ. ಮೊನ್ನೆ ನೀನು ಫೋನಿನಲ್ಲಿ ಹೇಳಿದೆ, ಮೊಮ್ಮಗಳು ನಾಯಿಮರಿ ಬೇಕೆಂದು ಹಟ ಹಿಡಿದಾಳ, ಇವರು ಒಲ್ಲೆ ಅಂತಾರ, ನನ್ನ ಕೈಯಾಗ ಅದು ಬದುಕೂದಿಲ್ಲ ಅಂತಾರ ಎಂದು. ಆಮೇಲೆ ನೀನೇ ನಕ್ಕು ಕೇಳಿದೆ: “ತಂದರ ಯಾವ್ಯಾವ ಇಂಜೆಕ್ಷನ್ ಹಾಕಿಸಬೇಕು, ನೀನ ಹೇಳು. ನಿನಗ ಎಲ್ಲಾ ಗೊತ್ತಲ್ಲ.”

ನಾನು ಫೋನು ಇಟ್ಟುಬಿಟ್ಟೆ. ಲೈನು ಕಟ್ ಆಯಿತೆಂದು ನೀನು ಅಂದುಕೊಂಡಿರಬೇಕು.

ಯಾವ ಲಸಿಕೆ ಬೇಕೆಂದು ನಿಮ್ಮ ವೈದ್ಯರನ್ನು ಕೇಳು. ಅವರು ಹೇಳಿದ್ದನ್ನೆಲ್ಲ ಮಾಡು. ನನ್ನನ್ನು ಕೇಳಬೇಡ.

ಈ ಭಾನುವಾರ ನಾನೊಬ್ಬಳೇ ರೈಲಿನಲ್ಲಿ ಬರುತ್ತಿದ್ದೇನೆ. ಇದನ್ನು ಓದಿದ ಮೇಲೆ ಬಾವಗಾರಿಗೆ ನೀನು ಏನೂ ಹೇಳಬೇಡ. ನಾನೇ ಹೇಳಬೇಕು, ನನ್ನ ಹರಕು ತೆಲುಗಿನಲ್ಲಿ, ಅವರ ಮುಖ ನೋಡಿಕೊಂಡು. ಅವರು ಬೈದರೆ ನಡುವೆ ಬರಬೇಡ. ಪರವಾಗಿಲ್ಲಮ್ಮಾ ಅಂದರೂ — ಅವರು ಹಾಗೇ ಅನ್ನುವವರು — ನೀನು ಹಾಗೆ ಅನ್ನಬೇಡ.