ಮೂರು ಗಂಟಿನ ವೈರು

ಕಳೆದ ಸೋಮವಾರ ಬೆಳಿಗ್ಗೆ ನನ್ನ ಬೈಕು ಒಂದು ಬಸ್ಸನ್ನು ನಿಲ್ಲಿಸಿತು. ನಾನಲ್ಲ ಸ್ವಾಮಿ, ಬೈಕು. ಹದಿನಾರು ವರ್ಷದ ಮುದಿ ಬೈಕು. ಇಳಿಜಾರಿನಲ್ಲಿ ತನ್ನನ್ನು ತಾನೇ ನಿಲ್ಲಿಸಿಕೊಳ್ಳಲು ಒದ್ದಾಡುವ ಬೈಕು!

ಹೇಗೆ ಅಂತೀರಾ? ಮೊದಲು ನನ್ನ ಶೋಕಿಯ ಕಥೆ ಕೇಳಿ.

ನಿಮಗೆ ಗೊತ್ತೇ ಇದೆ, ನನ್ನ ಕೆಲಸ ನಂಜನಗೂಡಿನ ಪಕ್ಕದ ತಾಂಡ್ಯದಲ್ಲಿ, ಒಂದು ಫ್ಯಾಕ್ಟರಿಯ ಆಫೀಸಿನಲ್ಲಿ. ಶನಿವಾರ ಸಂಜೆ ಹೆಂಡತಿ ಮಕ್ಕಳಿರುವ ಹೆಮ್ಮಿಗೆಗೆ ಓಟ, ಸೋಮವಾರ ನಸುಕಿಗೇ ವಾಪಸ್. ಮೊನ್ನೆ ನಮ್ಮ ಮ್ಯಾನೇಜರು ಹೊಸ ಕಾರು ತಂದರು. (ಇಡೀ ಆಫೀಸಿನಲ್ಲಿ ಮೊಬೈಲ್ ಫೋನ್ ಇರುವುದೂ ಅವರೊಬ್ಬರ ಹತ್ತಿರವೇ.) ಕಾರಿನಲ್ಲೊಂದು ಕೆಂಪು ಗುಂಡಿ. ಒತ್ತಿದರೆ ನಾಲ್ಕೂ ಇಂಡಿಕೇಟರು ಒಟ್ಟಿಗೇ ಮಿಣುಕ್, ಮಿಣುಕ್. ಹಜಾರ್ಡ್ ಲೈಟಂತೆ. ಗಾಡಿ ಕೆಟ್ಟು ನಿಂತಾಗ ಹಿಂದೆ ಬರುವವರಿಗೆ ಎಚ್ಚರಿಕೆಯಂತೆ. ಕೆಟ್ಟು ನಿಲ್ಲುವ ವಿಷಯದಲ್ಲಿ ನನ್ನ ಬೈಕಿನಷ್ಟು ಅನುಭವ ಯಾವ ಕಾರಿಗಿದೆ ಹೇಳಿ? ನನಗೂ ಬೇಕೇ ಬೇಕು ಅನಿಸಿತು.

ನಂಜನಗೂಡಿನ ಮೆಕ್ಯಾನಿಕ್ ನಕ್ಕುಬಿಟ್ಟ. "ಬೈಕಿಗೆ ಯಾರ್ ಸಾ ಆಕ್ತಾರೆ ಅದ್ನ?" ಶನಿವಾರ ಊರಿನ ದಾರಿಯಲ್ಲಿ ಕೇಳಿದಾಗ ಟಿ. ನರಸೀಪುರದ ರಾಚಯ್ಯ ನಗಲಿಲ್ಲ.

ರಾಚಯ್ಯ ಎಲೆಕ್ಟ್ರೀಷಿಯನ್. ಬಸ್ ಸ್ಟ್ಯಾಂಡಿನ ಹಿಂದೆ ಒಂದು ಮಂಚ ಹಿಡಿಯುವಷ್ಟು ಅಂಗಡಿ. ಗೋಡೆಯ ಮೇಲೆ ಬುದ್ಧನ ಪಟ, ನೆಲದ ತುಂಬ ಹೊಟ್ಟೆ ಬಗೆದ ಪಂಪ್‌ಸೆಟ್ ಮೋಟಾರುಗಳು. ಬೈಕಿಗೆ ಒಂದು ಸುತ್ತು ಬಂದ. "ಮಾಡ್ಬೌದು ಸಾ. ಹೊಸ ಬ್ಯಾಟ್ರಿ ಬೇಕು, ಮಿಣುಕ್ಸಕ್ಕೆ ಟ್ರಾಕ್ಟರ್‌ದು ಒಂದು ಫ್ಲಾಶರ್ರು, ಒಂದು ಗಟ್ಟಿ ಸ್ವಿಚ್ಚು. ಕೀ ತೆಗೆದು ಜೇಬಿಗಾಕ್ಕಂಡ್ರೂ ಉರೀಬೇಕು, ಅಂಗ್ ಮಾಡ್ತೀನಿ" ಎಂದ.

ಸೀಟು ಬಿಚ್ಚಿ ಕೂತ. ಸ್ವಲ್ಪ ಹೊತ್ತಿಗೆ ಎರಡು ವೈರು ಎತ್ತಿ ಹಿಡಿದು ಕೇಳಿದ: "ಸಾ, ಈ ಎಲ್ಡರಲ್ಲಿ ಕೆಂಪು ಯಾವ್ದು?"

ತಮಾಷೆ ಅಂದುಕೊಂಡೆ. ಅವನ ಮುಖ ನೋಡಿದರೆ ತಮಾಷೆಯ ಲಕ್ಷಣವೇ ಇಲ್ಲ.

"ನಂಗೆ ಕೆಂಪು, ಅಸ್ರು ಒಂದೇ ಥರ ಕಾಣ್ತವೆ ಸಾ. ಉಟ್ದಾಗಿಂದ್ಲೂ ಅಂಗೇಯ."

ಬಣ್ಣ ಕಾಣದವನ ಕೈಯಲ್ಲಿ ವೈರಿಂಗು! ಅದೂ ಪೆಟ್ರೋಲ್ ಟ್ಯಾಂಕಿನಿಂದ ಒಂದು ಗೇಣು ದೂರದಲ್ಲಿ! ಏನಾದರೂ ನೆಪ ಹೇಳಿ ಬೈಕು ತಳ್ಳಿಕೊಂಡು ಹೋಗಿಬಿಡಲೇ?

ಅಷ್ಟರಲ್ಲಿ ಅವನು ಮೋಟಾರ್ ಸುತ್ತುವ ಮೇಣದ ನೂಲು ತೆಗೆದು ವೈರಿನ ತುದಿಗೆ ಗಂಟು ಹಾಕತೊಡಗಿದ. "ಎಡಕ್ಕೆ ಒಂದು ಗಂಟು, ಬಲಕ್ಕೆ ಎಲ್ಡು, ಬ್ಯಾಟ್ರಿದಕ್ಕೆ ಮೂರು. ಜೋಡ್ಸೋ ಎಲ್ಡೂ ತುದಿಗೂ ಅಷ್ಟಷ್ಟೇಯ. ಒಂದ್ಸಾರಿ ಕೇಳಿ ಗಂಟಾಕ್ಬುಟ್ರೆ ಮುಗೀತು, ಆಮೇಲೆ ಯಾರ್ನೂ ಕೇಳಂಗಿಲ್ಲ."

ಎಲ್ಲಿ ಕಲಿತೆ ಎಂದೆ.

"ಯಾರ್ ಕಲಿಸ್ತಾರೆ ಸಾ? ತಾಂಡ್ಯದ ಫ್ಯಾಕ್ಟ್ರಿಗೂ ಓಗಿದ್ದೆ ಕೆಲ್ಸಕ್ಕೆ. ಚುಕ್ಕಿ ಚುಕ್ಕಿ ಪುಸ್ತಕ ತೋರ್ಸಿ, ಇದ್ರಾಗೆ ನಂಬರ್ ಎಷ್ಟೈತೆ ಅಂದ್ರು. ನಂಗೆ ಬರೀ ಚುಕ್ಕಿ ಕಂಡ್ವು. ಮನೆಗೆ ಕಳ್ಸುದ್ರು."

ಬಣ್ಣ ಗುರುತಿಸುತ್ತಾರೋ ಇಲ್ಲವೋ ಎಂದು ಪರೀಕ್ಷಿಸುವ ಅಂಥದ್ದೊಂದು ಪುಸ್ತಕ ನಮ್ಮ ಆಫೀಸಿನ ಬೀರುವಿನಲ್ಲೂ ಇದೆ. ಕೆಲಸ ಕೇಳಿ ಬಂದವರಿಗೆ ತೆರೆದು ತೋರಿಸುವವನು ನಾನೇ. ಎಷ್ಟು ಜನಕ್ಕೆ ತೋರಿಸಿದ್ದೇನೋ, ಒಬ್ಬರ ಮುಖವೂ ನೆನಪಿಲ್ಲ.

ರಾತ್ರಿ ಮನೆ ಸೇರಿ ಹೆಂಡತಿಗೆ ಗಂಟುಗಳ ಪ್ರದರ್ಶನ ಮಾಡಿದೆ. "ಮೂರು ಗಂಟು ನನಗೊಬ್ಬಳಿಗೇ ಹಾಕಿದ್ದೀರಿ ಅಂದ್ಕೊಂಡಿದ್ದೆ" ಎಂದು ಒಳಗೆ ಹೋದಳು. ಭಾನುವಾರ ಅವಳೇ ಕಟ್ಟಿಕೊಟ್ಟ ತೆಂಗಿನಕಾಯಿ ಮೂಟೆಯನ್ನು ಬೈಕಿಗೆ ಬಿಗಿದೆ. ಹಗ್ಗವನ್ನು ಸೀಟಿನ ಕೆಳಗೆ ತೂರಿಸಿ, ಕಾಲು ಕೊಟ್ಟು ಜಗ್ಗಿ ಬಿಗಿದೆ. ನಮ್ಮ ಕಡೆ ಊರಿಂದ ಹೊರಟವನು ಮೂಟೆಯಿಲ್ಲದೆ ಹೊರಟರೆ ಅದು ಹೊರಟಂತೆಯೇ ಅಲ್ಲ.

ಸೋಮವಾರ ನಸುಕು. ಎದುರಿಗೆ ಚಾಚಿದ ಕೈ ಕಾಣದಷ್ಟು ಮಂಜು. ಕಾಲುವೆ ಸೇತುವೆ ಹತ್ತಿರ ಒಬ್ಬ ಹೆಂಗಸು ಎರಡೂ ಕೈ ಬೀಸುತ್ತಾ ಓಡಿ ಬಂದಳು. ಪಕ್ಕದೂರಿನ ದೇವಮ್ಮ. ಅವಳ ಹಿಂದೆ ಕಬ್ಬು ತುಂಬಿದ ಎತ್ತಿನ ಗಾಡಿ ನಡುರಸ್ತೆಯಲ್ಲಿ ವಾಲಿಕೊಂಡಿತ್ತು. ಚಕ್ರ ಕಳಚಿ ಒಂದು ಎತ್ತು ನೆಲಕ್ಕೆ ಬಿದ್ದಿತ್ತು, ಅದರ ಕತ್ತು ನೊಗಕ್ಕೆ ಸಿಕ್ಕಿಕೊಂಡಿತ್ತು. ಗಂಡ ಚಿಕ್ಕಣ್ಣ ನೊಗಕ್ಕೆ ಹೆಗಲು ಕೊಟ್ಟು ಮಂಡಿಯೂರಿದ್ದ.

"ತಲಕಾಡಿಂದ ಮೊದ್ಲನೆ ಬಸ್ಸು ಬರೋ ವೊತ್ತು ಕಣಣ್ಣಾ! ಬುಟ್ ಬಾ ಅಂದ್ರೆ ಬರಕ್ಕಿಲ್ಲ ಇವ್ರು!"

"ನಾ ಬುಟ್ರೆ ಇದ್ರ ಕತ್ತು ಮುರೀತದೆ. ಸುಮ್ಕಿರಮ್ಮಿ!" ಎಂದ ಚಿಕ್ಕಣ್ಣ.

ದೇವಮ್ಮ ಹೊಂಗೆ ಸೊಪ್ಪು ಮುರಿದು ರಸ್ತೆಗೆ ಹಾಕಿದ್ದಳು. ಕೆಟ್ಟ ಗಾಡಿಯ ಹಿಂದೆ ಸೊಪ್ಪು ಹಾಕುವುದು ನಮ್ಮಲ್ಲಿ ಎಲ್ಲರೂ ಮಾಡುವುದೇ. ಆ ಮಂಜಿನಲ್ಲಿ ಸೊಪ್ಪು ಯಾರ ಕಣ್ಣಿಗೆ ಬೀಳಬೇಕು?

ಬೈಕನ್ನು ಐವತ್ತು ಹೆಜ್ಜೆ ಹಿಂದಕ್ಕೆ ತಳ್ಳಿಕೊಂಡು ಹೋಗಿ ರಸ್ತೆ ಮಧ್ಯೆ ನಿಲ್ಲಿಸಿ ಸ್ವಿಚ್ ಒತ್ತಿದೆ. ಉಹೂಂ. ಮತ್ತೆ ಒತ್ತಿದೆ. ಇಲ್ಲ!

ಮೂಟೆ ಕಿತ್ತೆಸೆದು ಸೀಟು ಎತ್ತಿದೆ. ನಾನು ಜಗ್ಗಿದ ಹಗ್ಗ ಮೂರೂ ಜೋಡಿ ವೈರು ಕಿತ್ತುಹಾಕಿತ್ತು. ಆರು ತುದಿಗಳು ಜೋತಾಡುತ್ತಿದ್ದವು. ಯಾವುದು ಯಾವುದಕ್ಕೆ? ಆ ಅರೆಗತ್ತಲಲ್ಲಿ ಕಣ್ಣು ಕಿರಿದು ಮಾಡಿ ನೋಡಿದೆ. ಕೆಂಪೂ ಬೂದಿ, ಹಸಿರೂ ಬೂದಿ, ಎಲ್ಲವೂ ಬೂದಿ. ದೂರದಲ್ಲಿ ಬಸ್ಸಿನ ಗೇರು ಬದಲಾದ ಸದ್ದು ಕೇಳಿಸಿತು.

ಆಗ ಬೆರಳಿಗೆ ಗಂಟು ಸಿಕ್ಕಿತು ನೋಡಿ! ಒಂದು, ಎರಡು, ಮೂರು. ಕಣ್ಣು ಮುಚ್ಚಿಕೊಂಡೆ (ಸತ್ಯವಾಗಿಯೂ). ಮೂರಕ್ಕೆ ಮೂರು. ಎರಡಕ್ಕೆ ಎರಡು. ಒಂದಕ್ಕೆ ಒಂದು. ತಿರುಚಿ ಸೇರಿಸಿ ಸ್ವಿಚ್ ಒತ್ತಿದೆ.

ಮಿಣುಕ್!

ನಾಲ್ಕೂ ದೀಪ ಒಟ್ಟಿಗೆ ಹತ್ತಿ, ಸುತ್ತಲ ಮಂಜೆಲ್ಲ ಹಳದಿಯಾಗಿ, ಆರಿ, ಮತ್ತೆ ಹಳದಿಯಾಯಿತು. ಬಸ್ಸು ಕಿರ್ರೋ ಎಂದು ಅರಚಿಕೊಂಡು ಬೈಕಿಗೆ ಎರಡು ಮಾರು ದೂರದಲ್ಲಿ ನಿಂತಿತು.

"ಯಾವನ್ಲಾ ಅವ್ನು? ಎಡಕ್ಕೂ ತಿರುಗ್ತೀಯ ಬಲಕ್ಕೂ ತಿರುಗ್ತೀಯ?" ಎಂದು ಬೈಯುತ್ತಲೇ ಡ್ರೈವರ್ ಇಳಿದ. ಗಾಡಿ ನೋಡಿದ. ಬೈಗುಳ ಬಿಟ್ಟು ಪ್ರಯಾಣಿಕರನ್ನು ಕೂಗಿ ಕರೆದ. ಬಸ್ಸಿಗೆ ಬಸ್ಸೇ ಇಳಿದು ಕಬ್ಬು ಇಳಿಸಿ, ಗಾಡಿ ಎತ್ತಿ, ನೊಗದ ಹಗ್ಗ ಕೊಯ್ದರು. ಎತ್ತು ತಡವರಿಸುತ್ತಾ ಎದ್ದಿತು. ದೇವಮ್ಮ ಅದರ ಕತ್ತು ತಬ್ಬಿಕೊಂಡು ಗೊಳೋ ಎಂದು ಅತ್ತಳು, ಆಮೇಲೆ ಗಂಡನಿಗೆ ಎರಡು ಗುದ್ದಿದಳು.

ನಾನು ಬೈಕಿನ ಪಕ್ಕ ನಿಂತೇ ಇದ್ದೆ. ದೀಪ ಆರಿಸಲು ಮನಸ್ಸೇ ಬರಲಿಲ್ಲ. ಬೆಂಕಿಕಡ್ಡಿ ಪೊಟ್ಟಣದಷ್ಟು ಫ್ಲಾಶರು, ಗೇಣುದ್ದ ನೂಲು. ಅಷ್ಟರಿಂದ ಇಷ್ಟು ಜೀವ ಉಳಿಯಿತೇ? ಮೈ ಜುಮ್ಮೆಂದಿತು. ನನಗೆ ದೇವರು ದಿಂಡರ ಮುಂದೆ ಕೂಡ ಹೀಗೆ ಆಗಿದ್ದು ಕಡಿಮೆ.

ನರಸೀಪುರದಲ್ಲಿ ರಾಚಯ್ಯ ಆಗಷ್ಟೇ ಬಾಗಿಲು ತೆಗೆಯುತ್ತಿದ್ದ. ಒಂದೇ ಉಸಿರಿಗೆ ಎಲ್ಲ ಹೇಳಿ, ಅವನ ಕೈ ಹಿಡಿದುಕೊಂಡೆ. ಅವನು ಕೇಳಿದ್ದು ಒಂದೇ ಮಾತು.

"ಎತ್ತು ಎದ್ದು ನಿಂತ್ಕತಾ ಸಾ?"

ನಿಂತಿತು ಎಂದೆ. ತಲೆಯಾಡಿಸಿ, ಕಿತ್ತುಬಂದಿದ್ದ ವೈರುಗಳನ್ನು ಇನ್ನಷ್ಟು ಭದ್ರ ಮಾಡಲು ಕೂತ.

ಆಫೀಸಿಗೆ ಒಂದು ಗಂಟೆ ಲೇಟು. ಮೊದಲು ಮಾಡಿದ ಕೆಲಸ ಬೀರು ತೆಗೆದಿದ್ದು. ಚುಕ್ಕಿ ಪುಸ್ತಕ ಇದ್ದಲ್ಲೇ ಇತ್ತು. ಆವತ್ತು ನಸುಕಿನಲ್ಲಿ, ಆ ಸೇತುವೆ ಹತ್ತಿರ, ಅದನ್ನು ಯಾರಾದರೂ ನನ್ನೆದುರು ತೆರೆದು ನಂಬರ್ ಎಷ್ಟು ಎಂದು ಕೇಳಿದ್ದರೆ, ನಾನು ಪಾಸಾಗುತ್ತಿದ್ದೆನೇ?