ದುಡಿಯುತ್ತೇನೆ ಎಂದವಳಿಗೆ ಯಾವ ಕೋಣೆ?

“ಗಂಡ ಇಲ್ಲಂದ್ರ ಎಡಗಡಿ ಕೋಣಿಗಿ ಹೋಗ್ರಿ, ತಾಯಿ.”

ಹೀಗೆ ಹೇಳಿದ ಗುಮಾಸ್ತ ಕೆಟ್ಟವನಲ್ಲ. ಎದ್ದು ನಿಂತು, ಮೆತ್ತಗೇ ಹೇಳಿದ. ಆದರೂ ನನ್ನ ಪಕ್ಕದಲ್ಲಿದ್ದ ಪದ್ಮಾವತಿಯ ಮುಖ ಸಣ್ಣಗಾಯಿತು.

ಪದ್ಮಾವತಿ ನನ್ನ ಚಿಕ್ಕಪ್ಪನ ಮಗಳು. ಗಂಡ ಮಾನ್ವಿಯಲ್ಲಿ ಮಾಸ್ತರನಾಗಿದ್ದ, ವಿಷಮಜ್ವರದಲ್ಲಿ ತೀರಿಕೊಂಡ. ಆಮೇಲೆ ಅವಳು ಅದೇ ಊರಿನಲ್ಲಿ ಒಡಹುಟ್ಟಿದ ಅಣ್ಣ ಶ್ರೀನಿವಾಸನ ಮನೆ ಸೇರಿದಳು. ಶ್ರೀನಿವಾಸನದು ಗುಡಿಯ ಪೂಜೆ. ತಂಗಿಗೆ ಏನೂ ಕಡಿಮೆ ಮಾಡಿದವನಲ್ಲ. (ಕಡಿಮೆ ಮಾಡಿದ್ದರೆ ಅವಳಿಗೆ ಮನೆ ಬಿಡುವುದು ಸುಲಭವಾಗುತ್ತಿತ್ತೋ ಏನೋ.)

ಮದುವೆಗೆ ಮುಂಚೆಯೇ ಮಿಡ್ಲ್ ಸ್ಕೂಲ್ ಮುಗಿಸಿದವಳು ಅವಳು. ಗಂಡ ಇದ್ದಾಗ ಓಣಿಯ ಹೆಣ್ಣುಮಕ್ಕಳನ್ನು ಕಟ್ಟೆಯ ಮೇಲೆ ಕೂಡಿಸಿಕೊಂಡು ಕನ್ನಡ ಕಲಿಸುತ್ತಿದ್ದಳು. ಗಂಡನ ಜತೆ ಅದೂ ನಿಂತಿತು.

ನಿಜಾಮರ ಆಡಳಿತ ಹೋಗಿ ಇನ್ನೂ ವರ್ಷ ತುಂಬಿಲ್ಲ. ಶಾಲೆಗಳಲ್ಲಿ ಉರ್ದುವಿನ ಜಾಗಕ್ಕೆ ಕನ್ನಡ ಬರುತ್ತಿದೆ, ಕಲಿಸುವವರು ಸಾಲುತ್ತಿಲ್ಲ ಅಂತ ರಾಯಚೂರಿನಲ್ಲಿ ಎಲ್ಲರ ಬಾಯಲ್ಲೂ ಇದೆ. ಆ ಸುದ್ದಿ ಮಾನ್ವಿಗೂ ಮುಟ್ಟಿತು. ನಾನು ಹೋದಾಗ ಪದ್ಮಾವತಿ ಬಡಿಸುತ್ತಲೇ ಕೇಳಿದಳು, “ಅಣ್ಣಾ, ನನ್ನ ಆ ಕೆಲಸದ ಆಫೀಸಿಗಿ ಕರಕೊಂಡು ಹೋಗ್ತೀಯೇನು?”

ಶ್ರೀನಿವಾಸ ತುತ್ತನ್ನು ಎಲೆಯಲ್ಲೇ ಬಿಟ್ಟ. “ನಾ ಹಾಕೋ ಅನ್ನ ಸಾಲದಾತೇನು?”

“ಅನ್ನ ಸಾಲ್ತದಪ್ಪಾ. ಕೈ ಸುಮ್ಮಕ ಕುಂತಾವ.”

ಅವನು ಎಲೆ ಮಡಚಿ ಎದ್ದ. ಹೋಗು ಎನ್ನಲಿಲ್ಲ, ಬೇಡ ಎನ್ನಲೂ ಇಲ್ಲ.

ಇನ್ನು ರಾಯಚೂರಿನ ಆ ಆಫೀಸಿನ ವಿಷಯ. ಹೊರಗೆ ಒಂದೇ ಬೋರ್ಡು: ಸಮಾಜ ಸೇವೆ ಮತ್ತು ಉದ್ಯೋಗ. ಒಳಗೆ ಎರಡು ಶಾಖೆ. ಬಲಗಡೆ ಉದ್ಯೋಗ: ಯುದ್ಧದಿಂದ ವಾಪಸು ಬಂದ ಸಿಪಾಯಿಗಳಿಗೆ, ಕೆಲಸವಿಲ್ಲದ ಹುಡುಗರಿಗೆ. ಎಡಗಡೆ ಸಹಾಯ: ವಿಧವೆಯರಿಗೆ, ಅನಾಥರಿಗೆ, ಅಂಗವಿಕಲರಿಗೆ. ಎಡಗಡೆಯವರು ಗುಲ್ಬರ್ಗಾದ ಸಾಹೇಬರಿಗೆ ಉತ್ತರ ಕೊಡಬೇಕು, ಬಲಗಡೆಯವರು ನೇರ ಹೈದರಾಬಾದಿಗೆ. ಹೀಗಾಗಿ ಎಡಕೋಣೆಯ ಒಬ್ಬರ ಹೆಸರು ಬಲಕೋಣೆಗೆ ಹೋಗಬೇಕಾದರೆ ಫೈಲು ಗುಲ್ಬರ್ಗಾ ಕಂಡು, ಹೈದರಾಬಾದ್ ಕಂಡು ಬರಬೇಕು. (ನಡುವೆ ಇರುವುದು ಒಂದು ಸಣ್ಣ ಹಜಾರ.)

ಎಡಕೋಣೆಯಲ್ಲಿದ್ದವರು ಖಾಜಾ ಸಾಹೇಬರು. ವಯಸ್ಸಾದವರು. ಪದ್ಮಾವತಿ ಹೇಳುವ ಮೊದಲೇ ಅರ್ಥ ಮಾಡಿಕೊಂಡರು, ಅಂದರೆ ತಪ್ಪಾಗಿ ಅರ್ಥ ಮಾಡಿಕೊಂಡರು.

“ಫಿಕರ್ ಮಾಡಬ್ಯಾಡವ್ವಾ. ತಿಂಗಳಾ ಮದತ್ ರೊಕ್ಕ ಸಿಗೂ ಹಂಗ ಬರೀತೀನಿ.”

“ಮದತ್ ಬ್ಯಾಡ್ರಿ. ನಾ ಕಲಸ್ತೀನಿ. ನನಗ ಕೆಲಸ ಬೇಕ್ರಿ.”

ಸಾಹೇಬರು ಕನ್ನಡಕ ತೆಗೆದರು. “ಈ ಕೋಣ್ಯಾಗ ಯಾರೂ ಇದು ಕೇಳಿದ್ದಿಲ್ಲ,” ಅಂದರು. ಬೈದಂತೆ ಅಲ್ಲ, ನಿಜವಾಗಿಯೂ ಆಶ್ಚರ್ಯದಿಂದ.

ಮತ್ತೆ ಬಲಗಡೆಗೆ ಬಂದೆವು. ಬೆಂಚಿನ ಮೇಲೆ ಕುಂಟುಗಾಲಿನ ಮಾಜಿ ಸಿಪಾಯಿಯೊಬ್ಬ ಕೂತಿದ್ದ. ಅವನನ್ನೂ ಆ ಕೋಣೆಯಿಂದ ಈ ಕೋಣೆಗೆ ಓಡಾಡಿಸಿದ್ದರಂತೆ. ನಾನು ಗುಮಾಸ್ತನನ್ನು ಕೇಳಿದೆ, “ಹೆಂಗಸರು ಇಲ್ಲಿ ಬರಬಾರದು ಅಂತ ಎಲ್ಲ್ಯರೆ ಬರದದ ಏನ್ರಿ?”

“ಇಲ್ರಿ. ಬರಬಹುದು ಅಂತನೂ ಬರದಿಲ್ಲ. ಎಡಗಡಿಯವರ ಹೆಸರು ನಾ ಬರಕೊಂಡ್ರ ಮ್ಯಾಲಿನವರು ನನ್ನ ಕೇಳ್ತಾರ.”

ಅಷ್ಟರಲ್ಲಿ ಹಿಂದಿನಿಂದ ಖಾಜಾ ಸಾಹೇಬರ ದನಿ. ಹಜಾರ ದಾಟಿ ಬಂದಿದ್ದರು.

“ಈಕಿ ನಮ್ಮ ಕೋಣಿಯಾಕಿ ಅಲ್ಲಪ್ಪಾ. ಹಾದಿ ತಪ್ಪಿ ಬಂದಿದ್ದಳು. ಈಕಿಗಿ ಕೊಡೋವಂಥಾದ್ದು ನನ್ನ ಹತ್ತಿರ ಏನೂ ಇಲ್ಲ. ಯಾರರೆ ಕೇಳಿದ್ರ ನನ್ನ ಹೆಸರು ಹೇಳು.”

ಗುಮಾಸ್ತ ಅವರನ್ನು ನೋಡಿದ, ಪದ್ಮಾವತಿಯನ್ನು ನೋಡಿದ. ಕುರ್ಚಿ ಎಳೆದುಕೊಂಡು ಕೂತ. “ದೇವದುರ್ಗದ ಹೆಣ್ಣುಮಕ್ಕಳ ಶಾಲಿಗಿ ಕನ್ನಡದವರು ಬೇಕಾಗ್ಯಾರ. ಹೋದವರೆಲ್ಲಾ ತಿರುಗಿ ಬಂದಾರ. ಅಲ್ಲಿ ನಿಮ್ಮವರು ಯಾರರೆ ಅದಾರೇನ್ರಿ?”

“ಇಲ್ರಿ.”

“ಮತ್ತ ಹೆಂಗ ಇರ್ತೀರಿ?”

“ಹುಡುಗ್ಯಾರು ಅದಾರಲ್ರಿ,” ಅಂದಳು.

ಆರ್ಡರು ಬಂತು. ಹೊರಡುವ ದಿನ ಶ್ರೀನಿವಾಸ ನಸುಕಿನಲ್ಲೇ ಎದ್ದು ಸ್ನಾನ ಮುಗಿಸಿದ. ಅವನು ಗುಡಿಗೆ ಹೋಗಿಬಿಡುತ್ತಾನೆ ಅಂದುಕೊಂಡಿದ್ದೆ. ಹೋಗಲಿಲ್ಲ. ತಂಗಿಯ ಟ್ರಂಕನ್ನು ಹೆಗಲ ಮೇಲೆ ಇಟ್ಟುಕೊಂಡು, ಓಣಿಯವರೆಲ್ಲ ನೋಡುತ್ತಿರುವಾಗಲೇ ಮೋಟಾರು ನಿಲ್ಲುವ ಕಡೆಗೆ ನಡೆದ. ಸುತ್ತುಹಾದಿ ಹಿಡಿಯಬಹುದಿತ್ತು. ಹಿಡಿಯಲಿಲ್ಲ. ಪದ್ಮಾವತಿ ಅವನ ಹಿಂದೆ ಅಳುತ್ತಾ ನಡೆದಳು.

ಇಲಾಖೆಯನ್ನು ನಾನು ಬೈಯುವುದಿಲ್ಲ. ಎಲ್ಲೋ ದೂರದಲ್ಲಿ ಕೂತ ಯಾರೋ ಒಳ್ಳೆಯ ಮನಸ್ಸಿನಿಂದಲೇ ಅದನ್ನು ಭಾಗ ಮಾಡಿದ್ದಾರೆ: ದುಃಖ ಒಂದು ಕಡೆ, ದುಡಿಮೆ ಒಂದು ಕಡೆ. ಆದರೆ ಮನುಷ್ಯರು ಹಾಗೆ ಭಾಗವಾಗಿ ಬರುತ್ತಾರೆಯೇ? ಗಂಡನನ್ನು ಕಳಕೊಂಡವಳೂ ಮಗ್ಗಿ ಕಲಿಸಬಲ್ಲಳು. ಕಾಲು ಕುಂಟಾದವನಿಗೂ ಎರಡು ಕೈ ಇವೆ. ಖಾಜಾ ಸಾಹೇಬರು ಎದ್ದು ಬರದಿದ್ದರೆ ಪದ್ಮಾವತಿಯ ಹೆಸರು ಇನ್ನೂ ಗುಲ್ಬರ್ಗಾ ಹಾದಿಯಲ್ಲೇ ಇರುತ್ತಿತ್ತು. ಎಲ್ಲ ಆಫೀಸಿನಲ್ಲೂ ಎದ್ದು ಬರುವವರು ಇರುತ್ತಾರೆ ಅಂತ ಏನು ಗ್ಯಾರಂಟಿ?

ಮೊನ್ನೆ ದೇವದುರ್ಗಕ್ಕೆ ಹೋಗಿದ್ದೆ. ಒಲೆಯ ಮುಂದೆ ಕೂತು ಚಹಾ ಸೋಸುತ್ತಾ ಪದ್ಮಾವತಿ ಕೇಳಿದಳು, “ಮಾನ್ವ್ಯಾಗ ನನ್ನ ಬಗ್ಗೆ ಏನಂತಾರ ಅಣ್ಣಾ?”

ಸುಳ್ಳು ಹೇಳಲಾಗಲಿಲ್ಲ. “ಮಾತಾಡ್ತಾರವ್ವಾ.”

“ಆಡ್ಲಿ.” ಲೋಟ ನನ್ನ ಕೈಗಿಟ್ಟು ಎದ್ದಳು. “ನೀ ಕುಡೀತಿರು. ನನಗ ಶಾಲಿಗಿ ಹೊತ್ತಾತು.”

ಹೊತ್ತಾಯಿತು ಎಂದು ಎದ್ದು ಹೋಗಲು ಒಂದು ಜಾಗ ಇರುವುದು ಎಷ್ಟು ದೊಡ್ಡ ಸಂಗತಿ, ಎಂದಾದರೂ ಯೋಚಿಸಿದ್ದೀರಾ?